ನಾಸ್ತಿಕತೆ ಸರ್ಕಾರದ ಕೈಗೆ ಸಿಕ್ಕಾಗ

ಮಾತನಾಡುವವರು ಮೂವರು. ವಸಂತ, ಕೊಪ್ಪಳದ ಕಡೆಯ ಯುವ ವಕೀಲ. ಲಲಿತಾ, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವರು, ದಿನವೂ ದೇವರಿಗೆ ದೀಪ ಹಚ್ಚುವವರು. ಮತ್ತು ನಾನು, ದೇವರನ್ನು ನಂಬದವನು.

ವಸಂತ: ಒಂದು ದೇಶವನ್ನು ಹೊಸದಾಗಿ ಕಟ್ಟುವ ಅವಕಾಶ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಸಂವಿಧಾನದ ಮೊದಲ ಸಾಲಿನಲ್ಲೇ ದೇವರಿಲ್ಲ ಎಂದು ಬರೆದುಬಿಡಬೇಕು ಅನ್ನುವುದು ನನ್ನ ವಾದ. ಧರ್ಮದ ಹೆಸರಿನಲ್ಲಿ ಹುಟ್ಟಿದ ದೇಶಗಳ ಪಾಡನ್ನು ಕಂಡಿದ್ದೇವೆ. ನಾಸ್ತಿಕತೆಯ ಮೇಲೆ ನಿಂತ ದೇಶವನ್ನೂ ಒಮ್ಮೆ ನೋಡೋಣ.

ನಾನು: ನೋಡಿಯಾಗಿದೆ ವಸಂತ, ಅಲ್ಬೇನಿಯಾದಲ್ಲಿ. 1967ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವಾಧಿಕಾರಿ ಎನ್ವರ್ ಹೊಜಾ ಒಂದು ಭಾಷಣ ಮಾಡಿದ. ಅದರ ಬೆನ್ನಿಗೇ ಶಾಲಾ ಹುಡುಗರನ್ನು ಮುಂದೆ ಬಿಟ್ಟು ಮಸೀದಿ, ಚರ್ಚು, ಬೆಕ್ತಾಶಿ ಸೂಫಿಗಳ ಮಠ ಎಲ್ಲಕ್ಕೂ ಬೀಗ ಹಾಕಿಸಿದರು. ಹಾಗೆ ಮುಚ್ಚಿದ್ದು ಎರಡು ಸಾವಿರಕ್ಕೂ ಹೆಚ್ಚು. ಕೆಲವನ್ನು ಕೆಡವಿದರು, ಕೆಲವನ್ನು ಗೋದಾಮು ಮಾಡಿದರು. ಶ್ಕೋದರ್ ಪಟ್ಟಣದ ದೊಡ್ಡ ಕ್ಯಾಥೊಲಿಕ್ ಚರ್ಚು ಕ್ರೀಡಾಂಗಣವಾಯಿತು. ಪೂಜೆ ನಡೆಯುತ್ತಿದ್ದ ಕಡೆ ವಾಲಿಬಾಲ್ ಆಟ. ಅದೇ ಊರಿನಲ್ಲಿ 1973ರಲ್ಲಿ ನಾಸ್ತಿಕತೆಯದೇ ಒಂದು ವಸ್ತುಸಂಗ್ರಹಾಲಯ ತೆರೆದರು. 1976ರ ಡಿಸೆಂಬರ್ 28ರಂದು ಹೊಸ ಸಂವಿಧಾನ ಬಂತು. ಸರ್ಕಾರ ಯಾವ ಧರ್ಮವನ್ನೂ ಮಾನ್ಯ ಮಾಡುವುದಿಲ್ಲ, ನಾಸ್ತಿಕತೆಯ ಪ್ರಚಾರಕ್ಕೆ ಬೆಂಬಲ ಕೊಡುತ್ತದೆ ಎಂದು ಅದರ 37ನೇ ವಿಧಿ ಸಾರಿತು. ನೀನು ಕೇಳುತ್ತಿರುವ ಸಾಲು ಅದೇ.

ವಸಂತ: ಹೊಜಾ ಏನನ್ನು ತಾನೇ ಬಿಟ್ಟ? ಜನ ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿರಲಿಲ್ಲ, ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ. ಸರ್ವಾಧಿಕಾರಿ ಮಾಡಿದ ಪಾಪವನ್ನು ನಾಸ್ತಿಕತೆಯ ಲೆಕ್ಕಕ್ಕೆ ಬರೆಯಬೇಡಿ. ಹೆಣ್ಣುಮಕ್ಕಳನ್ನು ಓದಿಸಿದ್ದು, ತೊಟ್ಟಿಲಲ್ಲೇ ಮದುವೆ ನಿಶ್ಚಯಿಸುವ ಪದ್ಧತಿಯ ವಿರುದ್ಧ ನಿಂತದ್ದು ಕೂಡ ಅದೇ ಸರ್ಕಾರ.

ನಾನು: ಹೌದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ವಿಧಿಯನ್ನು ಬರೆದ ಮೇಲೆ ಅದನ್ನು ಜಾರಿ ಮಾಡುವುದು ಹೇಗೆ ಅಂತ ಯೋಚಿಸು. ಕೊಲೆ ಕಳ್ಳತನಗಳಿಗೆ ಸಾಕ್ಷಿ ಹೊರಗೆ ಸಿಗುತ್ತದೆ. ನಂಬಿಕೆ ಇರುವುದು ಒಳಗೆ. ಅದನ್ನು ಹಿಡಿಯಬೇಕಾದರೆ ಸರ್ಕಾರ ಅಡುಗೆಮನೆಗೆ ಇಳಿಯಲೇಬೇಕು. ಅಲ್ಬೇನಿಯಾದಲ್ಲಿ ಇಳಿಯಿತು ಕೂಡ. ಉಪವಾಸದ ದಿನಗಳಲ್ಲಿ ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಬೇಕೆಂದೇ ನಿಷಿದ್ಧ ತಿನಿಸು ಹಂಚುತ್ತಿದ್ದರು. ಯಾರು ತಿನ್ನಲಿಲ್ಲವೋ ಅವರ ಮೇಲೆ ಕಣ್ಣು. ಹೆಸರುಗಳೂ ಸೈದ್ಧಾಂತಿಕವಾಗಿ ಸರಿಯಿರಬೇಕು ಎಂದು 1975ರಲ್ಲಿ ಆಜ್ಞೆ ಹೊರಟಿತು. ಸಂತರ ಹೆಸರು ಹೊತ್ತ ಊರುಗಳಿಗೆ ಬೇರೆ ಹೆಸರು ಬಂತು. ಶ್ಟಿಯೆಫೆನ್ ಕುರ್ತಿ ಎಂಬ ಪಾದ್ರಿ ಸೆರೆಯಲ್ಲಿದ್ದಾಗ ಒಬ್ಬ ತಾಯಿ ಬೇಡಿಕೊಂಡಳೆಂದು ಅವಳ ಮಗುವಿಗೆ ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿದ. ಎಪ್ಪತ್ತು ದಾಟಿದ ಆ ಮುದುಕನನ್ನು ಅದಕ್ಕಾಗಿ ಗುಂಡಿಟ್ಟು ಕೊಂದರು. ಒಂದು ಕೂಸಿನ ನೆತ್ತಿಗೆ ನಾಲ್ಕು ಹನಿ ನೀರು! ದೇವರಿಲ್ಲ ಎಂದು ನಿಜವಾಗಿ ನಂಬುವವನಿಗೆ ಅದು ಬರೀ ನೀರಾಗಿ ಕಾಣಬೇಕಿತ್ತಲ್ಲ.

ಲಲಿತಾ: ನಮಗೆಲ್ಲ ಗೊತ್ತಿರುವ ಹೆಸರೊಂದು ಈ ಕಥೆಯಲ್ಲಿದೆ, ಮದರ್ ತೆರೇಸಾ. ಅವರು ಅಲ್ಬೇನಿಯನ್ ಮನೆತನದವರು, ತಾಯಿ ಮತ್ತು ಅಕ್ಕ ಟಿರಾನಾದಲ್ಲೇ ಉಳಿದಿದ್ದರು. ತಾಯಿ 1972ರಲ್ಲಿ ತೀರಿಕೊಂಡರು. ಜಗತ್ತೆಲ್ಲ ಓಡಾಡುತ್ತಿದ್ದ ಮಗಳಿಗೆ ತಾಯಿಯ ಮುಖ ನೋಡಲು ಆ ದೇಶ ಬಿಡಲಿಲ್ಲ. ಆಮೇಲೆ ಅಕ್ಕನೂ ಹೋದರು. ಮದರ್ ಅಲ್ಲಿಗೆ ಕಾಲಿಟ್ಟದ್ದು 1989ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ನೋಡಲು ಉಳಿದದ್ದು ಸಮಾಧಿಗಳು ಮಾತ್ರ.

ವಸಂತ: ನೀವಿಬ್ಬರೂ ಕಣ್ಣೀರಿನ ಕಥೆ ಹೇಳುತ್ತಿದ್ದೀರಿ. ವಾದಕ್ಕೆ ಬನ್ನಿ. ಪೂರ್ವ ಜರ್ಮನಿಯನ್ನು ನೋಡಿ. ಅಲ್ಲೂ ನಾಲ್ಕು ದಶಕ ಸರ್ಕಾರವೇ ನಾಸ್ತಿಕತೆಯನ್ನು ಬೆಳೆಸಿತು. ಬರ್ಲಿನ್ ಗೋಡೆ ಬಿದ್ದು ಸರ್ಕಾರ ಹೋದ ಮೇಲೂ ಆ ಭಾಗದ ಹೆಚ್ಚಿನ ಜನ ಚರ್ಚಿಗೆ ಮರಳಲಿಲ್ಲ. ಇವತ್ತಿಗೂ ಜಗತ್ತಿನಲ್ಲಿ ದೇವರನ್ನು ಅತಿ ಕಡಿಮೆ ನಂಬುವ ಜನರಲ್ಲಿ ಅವರ ಹೆಸರು ಬರುತ್ತದೆ. ಅಂದರೆ ಸರ್ಕಾರ ಬಿತ್ತಿದ್ದು ಬೇರೂರಬಲ್ಲದು.

ನಾನು: ಈ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಬೇರೂರಿದ್ದು ನಿಜ. ಆದರೆ ಬೇರೂರಿದ್ದಕ್ಕೆ ಅದು ಸರಿ ಎಂದಾಗುವುದಿಲ್ಲ. ಕತ್ತಿಯಿಂದ ಹರಡಿದ ಧರ್ಮಗಳೂ ಬೇರೂರಿವೆ. ಮೊಮ್ಮಕ್ಕಳ ಕಾಲಕ್ಕೆ ಅದು ಅವರ ಸ್ವಂತ ನಂಬಿಕೆಯೇ ಆಗಿರುತ್ತದೆ. ಅಜ್ಜನ ಮೇಲೆ ನಡೆದ ಬಲವಂತ ಅದರಿಂದ ಮಾಫಿಯಾಗುವುದಿಲ್ಲ.

ಲಲಿತಾ: ಪೂರ್ವ ಜರ್ಮನಿ ಚರ್ಚನ್ನು ತೆಗೆದು ಆ ಜಾಗವನ್ನು ಖಾಲಿ ಬಿಡಲಿಲ್ಲ ವಸಂತ. ಹದಿಹರೆಯದ ಮಕ್ಕಳಿಗೆ ಚರ್ಚಿನಲ್ಲಿ ನಡೆಯುತ್ತಿದ್ದ ಸಂಸ್ಕಾರಕ್ಕೆ ಎದುರಾಗಿ ಯುಗೆಂಡ್‌ವೈಯೆ ಎಂಬ ಸಮಾರಂಭವನ್ನು 1954ರಿಂದ ಸರ್ಕಾರವೇ ಬೆಳೆಸಿತು. ಹದಿನಾಲ್ಕರ ಮಕ್ಕಳು ಒಳ್ಳೆ ಬಟ್ಟೆ ತೊಟ್ಟು ವೇದಿಕೆಗೆ ಬಂದು ಸಮಾಜವಾದಕ್ಕೆ ಪ್ರತಿಜ್ಞೆ ಮಾಡಬೇಕು. ಹೂವು, ಪುಸ್ತಕ, ಮನೆಯಲ್ಲಿ ಔತಣ. ನಮ್ಮ ಉಪನಯನದ ಹಾಗೆಯೇ ಇಲ್ಲವೇ? ಮಾಡಿಸದ ಮನೆಯ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದು ಕಷ್ಟ. ನಾನು ದೀಪ ಹಚ್ಚದಿದ್ದರೆ ನನ್ನ ದೇವರು ನನ್ನ ಮಗಳ ಕಾಲೇಜು ಸೀಟು ಕಿತ್ತುಕೊಳ್ಳುವುದಿಲ್ಲ.

ನಾನು: ಸೋವಿಯೆತ್ ಒಕ್ಕೂಟದ್ದೊಂದು ಸಂಗತಿ ಇದೆ. 1937ರ ಜನವರಿಯ ಜನಗಣತಿಯಲ್ಲಿ ಧರ್ಮದ ನಂಬಿಕೆಯ ಬಗ್ಗೆಯೂ ಒಂದು ಪ್ರಶ್ನೆ ಇತ್ತು. ಕ್ರಾಂತಿಯಾಗಿ ಇಪ್ಪತ್ತು ವರ್ಷ. ಸಾವಿರಾರು ಪಾದ್ರಿಗಳು ಜೈಲಿನಲ್ಲಿ. ಮಾಸ್ಕೋದ ಅತಿ ದೊಡ್ಡ ಚರ್ಚನ್ನು 1931ರಲ್ಲೇ ಸಿಡಿಸಿದ್ದರು. ಅಂಥ ಭಯದ ನಡುವೆ, ಬಾಗಿಲಲ್ಲಿ ನಿಂತ ಸರ್ಕಾರಿ ಗುಮಾಸ್ತನ ಎದುರಿಗೆ, ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು, ನಂಬುತ್ತೇವೆ ಎಂದರು. ಜನಸಂಖ್ಯೆಯೇ ಅಂದಾಜಿಗಿಂತ ಕಡಿಮೆ ಬಂದಿತ್ತು, ಅದರ ಮೇಲೆ ಇದು. ಸರ್ಕಾರ ಗಣತಿಯನ್ನೇ ರದ್ದು ಮಾಡಿತು, ಗಣತಿ ನಡೆಸಿದ ಮುಖ್ಯಸ್ಥರನ್ನು ಹಿಡಿದು ಒಳಗೆ ಹಾಕಿತು. ನನ್ನಂಥ ನಾಸ್ತಿಕನಿಗೆ ಇದು ನಾಚಿಕೆಯ ವಿಷಯ. ನಾವು ಹೇಳಿಕೊಳ್ಳುವುದು ಸಾಕ್ಷ್ಯಕ್ಕೆ ತಲೆಬಾಗುತ್ತೇವೆ ಎಂದು. ನಮ್ಮ ಹೆಸರಿನ ಸರ್ಕಾರ ಮೊದಲು ಸುಟ್ಟದ್ದು ಸಾಕ್ಷ್ಯವನ್ನೇ.

ವಸಂತ: ಹಾಗಾದರೆ ಧರ್ಮದ ದೇಶವೇ ಮೇಲು ಅನ್ನುತ್ತೀರಾ?

ಲಲಿತಾ: ಖಂಡಿತ ಅಲ್ಲ. ಪಾಕಿಸ್ತಾನದ ಸಂವಿಧಾನ ಸಭೆ 1949ರ ಮಾರ್ಚಿನಲ್ಲಿ ಸಾರ್ವಭೌಮತ್ವವೆಲ್ಲ ಅಲ್ಲಾಹನದು ಎಂದು ನಿರ್ಣಯ ಮಾಡಿತು. ಸಭೆಯಲ್ಲಿದ್ದ ಹಿಂದೂ ಸದಸ್ಯರು ಬೇಡ ಬೇಡ ಎಂದು ಕೇಳಿಕೊಂಡರೂ ನಡೆಯಲಿಲ್ಲ. ಅದೇ ವರ್ಷ ಅಕ್ಟೋಬರ್ 17ರಂದು ದೆಹಲಿಯಲ್ಲಿ ನಮ್ಮ ಸಂವಿಧಾನದ ಪೀಠಿಕೆ ಚರ್ಚೆಗೆ ಬಂತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಎದ್ದು, ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ಮಂಡಿಸಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾನು ಆ ದಿನದ ಚರ್ಚೆಯನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ದೇವರ ಬದಲು ದೇವಿಯ ಹೆಸರಿರಲಿ ಎಂದರು ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ. ನಂಬಿಕೆಯಲ್ಲಿ ಬಲವಂತ ಸಲ್ಲದು ಎಂದರು ತಿರುವಾಂಕೂರಿನ ಥಾಣು ಪಿಳ್ಳೆ. ಇಷ್ಟು ಒಳಗಿನ ವಿಷಯವನ್ನು ಸಭೆಯ ತೀರ್ಮಾನಕ್ಕೆ ತಂದದ್ದೇ ಹೃದಯನಾಥ ಕುಂಜರು ಅವರಿಗೆ ನೋವಾಗಿತ್ತು. ದೇವರ ಪರ ವಿರುದ್ಧ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಪರ 41, ವಿರೋಧ 68.

ವಸಂತ: ಅಂದರೆ ನಾಸ್ತಿಕರು ಗೆದ್ದರು.

ಲಲಿತಾ: ಅಲ್ಲವೇ ಅಲ್ಲ. ಆ 68 ಜನರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಪೂಜೆ ಮಾಡುವವರು. ನಾನು ಅಲ್ಲಿದ್ದಿದ್ದರೆ ನಾನೂ ವಿರೋಧಕ್ಕೇ ಕೈ ಎತ್ತುತ್ತಿದ್ದೆ. ನನ್ನ ದೇವರ ಹೆಸರನ್ನು ಸರ್ಕಾರಿ ಕಾಗದದ ಮೇಲೆ ನೋಡುವ ಆಸೆ ನನಗಿಲ್ಲ. ಅದರ ಪಕ್ಕದಲ್ಲಿ ನಾಳೆ ಯಾರ ಸಹಿ ಬೀಳುತ್ತದೋ ಯಾರಿಗೆ ಗೊತ್ತು?

ನಾನು: ನನ್ನ ನಾಸ್ತಿಕತೆಯ ಬಗ್ಗೆ ನಾನು ಹೇಳುವುದೂ ಇದನ್ನೇ. ಅದು ನಾನು ಓದಿ, ಜಗಳವಾಡಿ, ಮನೆಯವರ ಬೇಸರ ಕಟ್ಟಿಕೊಂಡು ತಲುಪಿದ ಜಾಗ. ಅದನ್ನು ಶಾಲೆಯ ಪ್ರಾರ್ಥನೆಯ ಹಾಗೆ ಎಲ್ಲರ ಬಾಯಿಂದ ಹೇಳಿಸಿದರೆ ನನ್ನ ಪಾಲಿಗೆ ಅದು ಸತ್ತಂತೆ. ಎಚ್. ನರಸಿಂಹಯ್ಯನವರನ್ನು ನೆನೆಸಿಕೋ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಖಾದಿ ತೊಟ್ಟ ಗಾಂಧಿವಾದಿ, ಭೌತಶಾಸ್ತ್ರದ ಮೇಷ್ಟ್ರು. ಪವಾಡಗಳ ಪರಿಶೀಲನೆಗೆ 1976ರಲ್ಲಿ ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಬನ್ನಿ ಎಂದು ಕರೆದರು. ಅವರು ಬರಲಿಲ್ಲ. ಮುಂದೆ ಇವರು ಪೊಲೀಸರನ್ನು ಕಳಿಸಲಿಲ್ಲ, ಮತ್ತೆ ಪತ್ರ ಬರೆದರು. ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ನಾಸ್ತಿಕನ ಕೈಯಲ್ಲಿ ಇರಬೇಕಾದ ಬಲ ಅಷ್ಟೇ ಎಂದು ನಾನು ನಂಬಿದ್ದೇನೆ.

ಲಲಿತಾ: ನಮ್ಮ ನೆಲದಲ್ಲಿ ಹೀಗೆ ಪ್ರಶ್ನಿಸುವುದು ಹೊಸದೇನಲ್ಲ. ಸೃಷ್ಟಿಕರ್ತನೊಬ್ಬ ಇದ್ದಾನೆ ಎಂಬ ವಾದವನ್ನು ಒಂಬತ್ತನೇ ಶತಮಾನದ ಜೈನ ಆಚಾರ್ಯ ಜಿನಸೇನ ತರ್ಕದಿಂದ ಬಿಡಿಬಿಡಿಯಾಗಿ ಖಂಡಿಸಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷ ಅವನನ್ನು ಗುರುವೆಂದು ಗೌರವಿಸಿದವನು. ಅದೇ ಅಮೋಘವರ್ಷ ನಾಡಿಗೆ ಬಂದ ಆಪತ್ತು ಕಳೆಯಲಿ ಎಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಕತ್ತರಿಸಿ ಒಪ್ಪಿಸಿದ ಎಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಎರಡೂ ಒಬ್ಬನಲ್ಲೇ ಇದ್ದವು. ಮನುಷ್ಯನ ಒಳಗು ಹೀಗಿರುವಾಗ ಅಲ್ಬೇನಿಯಾದ 37ನೇ ವಿಧಿ ಅವನನ್ನು ಯಾವ ಪಟ್ಟಿಗೆ ಸೇರಿಸುತ್ತದೆ?

ವಸಂತ: ಬೆರಳು ಕೊಟ್ಟ ರಾಜನ ಕಥೆ ಚೆನ್ನಾಗಿದೆ. ಕೊಡುವುದಕ್ಕೆ ಅವನನ್ನು ಗುಡಿಯೊಳಗಾದರೂ ಬಿಟ್ಟಿದ್ದರು. ನಾನು ನಮ್ಮ ಕೊಪ್ಪಳ ಜಿಲ್ಲೆಯ ಮಿಯಾಪುರದ ಮಾತು ಹೇಳುತ್ತೇನೆ. 2021ರ ಸೆಪ್ಟೆಂಬರ್. ಮಗನ ಹುಟ್ಟುಹಬ್ಬ ಎಂದು ದಲಿತ ತಂದೆಯೊಬ್ಬ ಅವನನ್ನು ಗುಡಿಯ ಮುಂದೆ ಕರೆತಂದು, ಹೊರಗೆ ನಿಂತೇ ಕೈಮುಗಿದ. ಏನೂ ಅರಿಯದ ಪುಟ್ಟ ಮಗು ಒಳಗೆ ಓಡಿತು. ಗುಡಿ ಶುದ್ಧಿಗೆ ಇಪ್ಪತ್ತೈದು ಸಾವಿರ ರೂಪಾಯಿ ಕೊಡು ಎಂದು ಊರ ಹಿರಿಯರು ಕೂತು ಹೇಳಿದರು. ಈಗ ಲಲಿತಾ ಮೇಡಂ ಹೇಳುತ್ತಾರೆ, ಅದು ಜನರ ತಪ್ಪು, ದೇವರ ತಪ್ಪಲ್ಲ ಅಂತ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪ್ರತಿ ಸಲವೂ ದೇವರು ನಿರಪರಾಧಿ.

ಲಲಿತಾ: ನಾನು ಆ ಮಾತು ಹೇಳುವುದಿಲ್ಲ. ಆ ಗುಡಿಯನ್ನು ಹಾಗೆ ಇಟ್ಟುಕೊಂಡವರು ನನ್ನಂಥ ಆಸ್ತಿಕರೇ. ಅದು ನಮ್ಮ ತಲೆಯ ಮೇಲಿನ ಹೊರೆ.

ನಾನು: ಆಮೇಲೆ ಏನಾಯಿತು ಅನ್ನುವುದನ್ನೂ ಹೇಳು ವಸಂತ. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಐವರನ್ನು ಬಂಧಿಸಿದರು. ಯಾವ ಬಲದ ಮೇಲೆ? ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೇ ವಿಧಿ, ಅದರ ಹಿಂದಿನ ಕಾನೂನು. ಆ ವಿಧಿ ಗುಡಿಯೊಳಗೆ ದೇವರಿದ್ದಾನೋ ಇಲ್ಲವೋ ಎಂದು ಕೇಳುವುದಿಲ್ಲ. ಬಾಗಿಲಲ್ಲಿ ಯಾರನ್ನು ತಡೆದಿರಿ ಎಂದು ಮಾತ್ರ ಕೇಳುತ್ತದೆ. ಹೊಜಾನ ಸರ್ಕಾರವಾಗಿದ್ದರೆ ಗುಡಿಯನ್ನೇ ಮುಚ್ಚಿ ಗೋದಾಮು ಮಾಡುತ್ತಿತ್ತು. ಆ ತಂದೆಗೆ ಬೇಕಿದ್ದದ್ದು ಗೋದಾಮಲ್ಲ. ಅವನು ಕೈಮುಗಿಯಲು ಬಂದಿದ್ದ.

ವಸಂತ: ಸುದ್ದಿ ಹೊರಬೀಳದಿದ್ದರೆ? ಸುದ್ದಿಯಾಗದ ಊರುಗಳೆಷ್ಟು? ಸಂವಿಧಾನ ದೇವರ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುತ್ತೀರಿ. ನಮ್ಮ ಸರ್ಕಾರ ಎಲ್ಲಿ ಬಾಯಿ ಮುಚ್ಚಿದೆ? ಆಯುಧಪೂಜೆಗೆ ಕಚೇರಿಗಳಲ್ಲೇ ಕುಂಬಳಕಾಯಿ ಒಡೆಯುತ್ತಾರೆ. ಮುಜರಾಯಿ ಇಲಾಖೆಯ ಕೆಳಗೆ 30 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ.

ನಾನು: ಕಚೇರಿಯ ಪೂಜೆ ನನಗೂ ಒಪ್ಪಿಗೆಯಿಲ್ಲ, ಅದು ನಿಲ್ಲಬೇಕು. ಅರ್ಜಿ ಹಿಡಿದು ಬರುವವನಿಗೆ ಆ ಕುರ್ಚಿ ಯಾವ ದೇವರದು ಎಂಬ ಅನುಮಾನವೇ ಬರಬಾರದು. ಮುಜರಾಯಿಯದು ಬೇರೆ. ಹುಂಡಿಯ ಲೆಕ್ಕ, ಜಮೀನಿನ ದಾಖಲೆ, ಒಳಗೆ ಯಾರಿಗೆ ಪ್ರವೇಶ ಎಂಬುದು ಸರ್ಕಾರ ಕೇಳಬಹುದಾದ ಪ್ರಶ್ನೆಗಳು. ಅವನ್ನು ಇನ್ನೂ ಗಟ್ಟಿಯಾಗಿ ಕೇಳಲಿ. ಸುದ್ದಿಯಾಗದ ಊರಿಗೂ ತಾನಾಗಿಯೇ ಹೋಗಿ ಕೇಳಲಿ. ಅಷ್ಟು ಮಾಡಲು ಅದಕ್ಕೆ ನಾಸ್ತಿಕತೆಯ ದೀಕ್ಷೆ ಬೇಕಾಗಿಲ್ಲ, ಎದೆಗಾರಿಕೆ ಬೇಕು.

ಲಲಿತಾ: ಮತ್ತೆ ಅಲ್ಬೇನಿಯಾಕ್ಕೇ ಬರುತ್ತೇನೆ. 1990ರ ನವೆಂಬರ್ 4ರಂದು ಶ್ಕೋದರ್‌ನ ಸ್ಮಶಾನದಲ್ಲಿ ಸಿಮೊನ್ ಯುಬಾನಿ ಎಂಬ ಪಾದ್ರಿ ಬಹಿರಂಗವಾಗಿ ಪೂಜೆ ಮಾಡಿದ. ಎರಡು ದಶಕಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು ಬಂದವನು. ಸಾವಿರಾರು ಜನ ಸೇರಿದ್ದರು, ಮುಸ್ಲಿಮರೂ ಇದ್ದರು. ಎರಡು ವಾರ ಕಳೆಯುವುದರೊಳಗೆ ಅದೇ ಊರಿನ ಸೀಸದ ಮಸೀದಿಯಲ್ಲಿ ನಮಾಜು ನಡೆದಾಗ ಕ್ಯಾಥೊಲಿಕರೂ ಬಂದು ನಿಂತರು. ಒಬ್ಬರಿಗೊಬ್ಬರು ಹೀಗೆ ನಿಂತದ್ದನ್ನು ಓದಿದಾಗ ನನಗೆ ಮಿಯಾಪುರವೇ ನೆನಪಾಗುತ್ತದೆ. ಆ ಮಗುವಿನ ಕೈ ಹಿಡಿದು ಒಳಗೆ ಕರೆದೊಯ್ಯಬೇಕಾದವರು ಊರಿನ ಆಸ್ತಿಕರು. ಪೊಲೀಸರು ಬರುವ ಮುಂಚೆಯೇ ಅದು ಆಗಬೇಕಿತ್ತು.

ವಸಂತ: ಕರೆದೊಯ್ಯುತ್ತೀರಿ, ಸರಿ. ಅವನು ಇಪ್ಪತ್ತು ವರ್ಷದವನಾಗಿ, ಓದಿಕೊಂಡು, ನನಗೆ ನಿಮ್ಮ ಗುಡಿಯೂ ಬೇಡ, ದೇವರೂ ಬೇಡ ಎಂದು ಊರ ನಡುವೆ ನಿಂತು ಹೇಳಿದರೆ?

ಲಲಿತಾ: ಹೇಳಲಿ. ನನಗೆ ಬೇಸರವಾಗುತ್ತದೆ, ಅವನೊಡನೆ ವಾದ ಮಾಡುತ್ತೇನೆ. ಅವನ ಮೈಮೇಲೆ ಯಾರಾದರೂ ಕೈ ಮಾಡಿದರೆ ದೂರು ಕೊಡಲು ನಾನೇ ಠಾಣೆಗೆ ಬರುತ್ತೇನೆ.

ವಸಂತ: ಬರುವಾಗ ನನ್ನನ್ನೂ ಕರೆಯಿರಿ. ಅಂತಃಸಾಕ್ಷಿಯ ಸ್ವಾತಂತ್ರ್ಯ 25ನೇ ವಿಧಿಯಲ್ಲೇ ಇದೆ, ನಂಬುವವನಿಗೂ ನಂಬದವನಿಗೂ ಅದೇ ವಿಧಿ. ದೂರನ್ನು ನಾನು ಬರೆದುಕೊಡುತ್ತೇನೆ.