ಕೊನೆಯ ಹರದಾರಿ



ಕಷ್ಟದಲ್ಲಿ ಜೊತೆಗಿರುವುದು ಸುಲಭವೋ, ಫಲ ಕೈಗೆ ಬರುವಾಗ ಜೊತೆಗಿರುವುದು ಸುಲಭವೋ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನಮ್ಮ ಸೈಕಲ್ ಯಾತ್ರೆಯ ಕೊನೆಯ ದಿನ.

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ನಾವು 31 ಜನ ಭಕ್ತರು ಸೈಕಲ್ ಹತ್ತಿ ಕೂಡಲಸಂಗಮಕ್ಕೆ ಹೊರಟೆವು. ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳ ಊರಿನಿಂದ ಬಸವಣ್ಣನವರ ಐಕ್ಯಸ್ಥಳಕ್ಕೆ. ನಡುವೆ ಅವರ ಜನ್ಮಸ್ಥಳವಾದ ಬಸವನ ಬಾಗೇವಾಡಿ. ಒಟ್ಟು ನಾಲ್ಕು ದಿನದ, ಇನ್ನೂರು ಕಿ.ಮೀ. ಸಮೀಪದ ದಾರಿ. ಭೀಮಾ ನದಿ ದಾಟಿ ವಿಜಯಪುರ ಸೇರುವತನಕ ಎದುರುಗಾಳಿ. ಆದರೂ ಒಬ್ಬರ ಟ್ಯೂಬು ಪಂಚರ್ ಆದರೆ ಎಲ್ಲರೂ ನಿಲ್ಲುತ್ತಿದ್ದೆವು. ಹೊಲದವರು ಕರೆದು ಸೀತನಿ ಕೊಟ್ಟರೆ ಹಿಡಿ ಹಿಡಿಯಾಗಿ ಎಲ್ಲರೂ ಹಂಚಿಕೊಳ್ಳುತ್ತಿದ್ದೆವು.

ನಾಲ್ಕನೆಯ ದಿನ ನಿಡಗುಂದಿ ಬಿಟ್ಟು ಕೃಷ್ಣೆಯ ಸೇತುವೆ ದಾಟಿದೊಡನೆ ನಮ್ಮ ನಡೆ ಬದಲಾಯಿತು. ಸಂಗಮ ಸಮೀಪಿಸಿತೆಂದು ತರುಣರು ಮುಂದೆ ನುಗ್ಗಿದರು. ಮೂರು ದಿನ ಒಂದೇ ಸಾಲಿನಲ್ಲಿ ಬಂದವರು ಅರ್ಧ ತಾಸಿನಲ್ಲಿ ಚದುರಿಹೋದೆವು. ಅದೇ ಹೊತ್ತಿಗೆ ಅಕ್ಕಲಕೋಟ ಕಡೆಯ ಹಿರಿಯ ರೈತರೊಬ್ಬರ ಸೈಕಲ್ಲಿನ ಫ್ರೀವೀಲ್ ಕೆಟ್ಟಿತು. ಪೆಡಲ್ ತುಳಿದರೂ ಗಾಲಿ ತಿರುಗದು. ಉಳಿದದ್ದು ನಡೆದರೆ ಎರಡು ತಾಸಿನ ದಾರಿ. ಸಂಜೆ 5 ಗಂಟೆಗೆ ಬರುತ್ತೇವೆಂದು ನಾನೇ ತಿಳಿಸಿದ್ದೆ. ಅಲ್ಲಿ ಪ್ರಸಾದ ಸಿದ್ಧಮಾಡಿಕೊಂಡು ಜನ ಕಾಯುತ್ತಿದ್ದರು.

“ಕಾಕಾ, ನೀವು ಸಾಮಾನಿನ ಟೆಂಪೋದಾಗ ಬರ್ರಿ,” ಎಂದೆ.

“ಇಲ್ಲೀತನಕ ತುಳದು ಬಂದೀನ್ರಿ. ಈಗ ಗಾಡ್ಯಾಗ ಕುಂತ್ರ ನಾ ಬಂದಂಗ ಆಗೂದಿಲ್ಲ. ನೀವು ಹೋಗ್ರಿ, ನಾ ನೂಕ್ಕೋತ ಬರ್ತೀನಿ,” ಎಂದರು.

ಒಬ್ಬರಿಗಾಗಿ ಮೂವತ್ತು ಜನ ತಡಮಾಡಬೇಕೆ? ಕೊಟ್ಟ ಮಾತಿಗೆ ಬೆಲೆಯಿಲ್ಲವೆ? ಅಡುಗೆ ಮಾಡಿ ಕಾಯುವವರನ್ನು ಕಾಯಿಸುವುದು ಸಣ್ಣ ತಪ್ಪೇನಲ್ಲ. ಟೆಂಪೋದಲ್ಲಿ ಬಂದರೂ ನನ್ನ ಪುಸ್ತಕದಲ್ಲಿ 31 ಎಂದೇ ಬರೆಯಬಹುದಿತ್ತು. ಲೆಕ್ಕ ಸರಿ, ನಡತೆ ಸರಿಯೇ?

ನಾನು ಹೀಗೆ ತೂಗುತ್ತ ನಿಂತಿರುವಾಗ ಮುಂದೆ ಹೋಗಿದ್ದ ಕಾಲೇಜಿನ ಹುಡುಗನೊಬ್ಬ ತಿರುಗಿ ಬಂದ. “ಕಾಕಾ, ನನ್ನ ಸೈಕಲ್ ತಗೋರಿ,” ಎಂದವನೇ ಕೆಟ್ಟ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಡೆಯತೊಡಗಿದ. ನಾನು ಸಂಗಮಕ್ಕೆ ಫೋನ್ ಮಾಡಿದೆ. “ನಿಧಾನ ಬರ್ರಿ, ಒಲಿ ಆರಿಸಿಲ್ಲ,” ಎಂಬ ಉತ್ತರ ಬಂತು. ದೊಡ್ಡ ಧರ್ಮಸಂಕಟವೆಂದು ನಾನು ತಿಳಿದದ್ದು ಒಂದು ಫೋನಿನಲ್ಲಿ ಮುಗಿದಿತ್ತು.

ಮುಂದೆ ಹೋದವರೂ ನಿಂತು ಕಾಯ್ದರು. ಪಾಳಿ ಹಚ್ಚಿ ಆ ಸೈಕಲ್ ನೂಕಿದೆವು. ನನ್ನ ಪಾಳಿಯೂ ಬಂತು. ದೀಪ ಹಚ್ಚುವ ಹೊತ್ತಿಗೆ ಸಂಗಮನಾಥನ ಗುಡಿಯ ಮುಂದೆ ಎಲ್ಲರೂ ಒಂದೇ ಗುಂಪಾಗಿ ಇಳಿದೆವು.

ದಾರಿಯುದ್ದಕ್ಕೂ ನಮ್ಮ ಪಂಚರ್ ತೆಗೆದುಕೊಟ್ಟವರು ಆ ಹಿರಿಯರೇ. ಆದರೆ ಆ ಋಣಕ್ಕಾಗಿ ನಿಲ್ಲಬೇಕಿತ್ತು ಎಂದರೆ ಅದು ವ್ಯಾಪಾರ. ದಾಸೋಹ ಬಾಕಿ ತೀರಿಸುವ ವ್ಯವಹಾರವಲ್ಲ. ಅವರು ಏನೂ ಮಾಡದಿದ್ದರೂ ನಿಲ್ಲಲೇಬೇಕಿತ್ತು. ಏಕೆಂದರೆ ಕೂಡಿಯೇ ಹೊರಟಿದ್ದೆವು.

ನಮ್ಮ ಊರುಗಳಲ್ಲಿ ನೋಡಿರಿ. ಅಣ್ಣತಮ್ಮಂದಿರು ಸಾಲ ಮಾಡಿ ಬೋರು ಕೊರೆಸುತ್ತಾರೆ. ನೀರು ಬೀಳುವತನಕ ಒಗ್ಗಟ್ಟು, ಬಿದ್ದ ಮರುದಿನ ಪಾಳಿಯ ಜಗಳ. ಅಡತಿ ಅಂಗಡಿಯ ಪಾಲುದಾರರು ನಷ್ಟವನ್ನು ಕೂಡಿಯೇ ನುಂಗುತ್ತಾರೆ, ಲಾಭದ ವರ್ಷ ಬೇರೆಯಾಗುತ್ತಾರೆ. ಕಷ್ಟದಲ್ಲಿ ಎಲ್ಲರಿಗೂ ಜೊತೆಗಾರ ಬೇಕು. ಆಗಿನ ಕೂಡಾಟ ಧರ್ಮವೋ ಗರಜೋ ಹೇಳಬರುವುದಿಲ್ಲ. ಗರಜು ತೀರಿದ ಮೇಲೂ ಉಳಿದದ್ದೇ ಧರ್ಮ.

ಆದ್ದರಿಂದ ಫಲ ಕಣ್ಣಿಗೆ ಕಂಡಾಗ ಒಮ್ಮೆ ಹಿಂತಿರುಗಿ ನೋಡೋಣ. ಹಿಂದೆ ಯಾರಾದರೂ ಸೈಕಲ್ ನೂಕುತ್ತ ಬರುತ್ತಿರಬಹುದು.



— ಕಾರ್ಯದರ್ಶಿ, ಶ್ರೀಮಠ