ಮಕ್ಕಳು ಕೇಳುವಾಗ ಕೊಡತಕ್ಕ ಉತ್ತರ



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ ಸಂಗತಿಯು ನಿಮಗೆಲ್ಲರಿಗೂ ತಿಳಿದದ್ದೇ. ಮುಂದೆ ಹುಟ್ಟುವ ಮಕ್ಕಳು ಆ ಕಲ್ಲುಗಳನ್ನು ಕಂಡು ಕಾರಣ ಕೇಳಬೇಕು, ತಂದೆಗಳು ಅದಕ್ಕೆ ಬಾಯಿಂದ ಉತ್ತರ ಹೇಳಬೇಕು, ಇದೇ ದೇವರ ಏರ್ಪಾಡಾಗಿತ್ತು. ಹೀಗಿರಲಾಗಿ ಕಲ್ಲು ಉಳಿದು ಉತ್ತರ ಹೇಳುವವರು ಇಲ್ಲದೆ ಹೋದರೆ ಅದು ಬರೀ ಕಲ್ಲೇ ಆಗುವದು.

ಇದಕ್ಕೆ ದೃಷ್ಟಾಂತವು ನಮ್ಮ ಸೀಮೆಯಲ್ಲಿಯೇ ಉಂಟು. ಜೇವರ್ಗಿಯ ಕೆಳಗೆ ಭೀಮಾ ಹೊಳೆಯ ದಂಡೆಯ ಮೇಲೆ ಚಿತ್ತಾಪುರ ತಾಲೂಕಿನಲ್ಲಿ ಸನ್ನತಿಯೆಂಬ ಊರಿದೆ. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿದ್ದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವು ಕಾಣಬಂತು. ಪೀಠಕ್ಕಾಗಿ ಕಲ್ಲಿನ ನಡುವೆ ತೂತು ಕೊರೆದದ್ದರಿಂದ ಕೆಲವು ಅಕ್ಷರಗಳು ಹಾಳಾಗಿವೆ. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ನೋಡಲಾಗಿ ದೊಡ್ಡದೊಂದು ಬೌದ್ಧ ಸ್ತೂಪವೂ, ಅಶೋಕನ ಹೆಸರನ್ನು ಕೆತ್ತಿದ ಅವನ ರೂಪವೂ ಸಿಕ್ಕಿದವು. ತೂತು ಕೊರೆದ ಕಲ್ಲುಕುಟಿಗನು ದುಷ್ಟನೆಂದು ನಾವು ಹೇಳುವದಿಲ್ಲ. ಆ ಬರಹವೇನೆಂದು ಅವನಿಗೆ ಹೇಳುವವರು ಇರಲಿಲ್ಲ. ಹೇಳುವವರ ಸಾಲು ಎಷ್ಟೋ ತಲೆಗಳ ಹಿಂದೆಯೇ ಕಡಿದುಹೋಗಿತ್ತು. ಅರ್ಥ ತಿಳಿಯದ ಸ್ವತ್ತನ್ನು ಮನುಷ್ಯನು ಹಾಳುಮಾಡುವದು ಹೀಗೆಯೇ, ಹಗೆತನದಿಂದಲ್ಲ, ತಿಳಿಯದೆ.

ಹಾಗಾದರೆ ನಮ್ಮ ಮಕ್ಕಳು ಈ ಹೊಳೆ ಯಾತಕ್ಕೆ, ಈ ಮಣ್ಣು ಯಾತಕ್ಕೆ, ನಮ್ಮ ಹಿರಿಯರು ಯಾರು ಎಂದು ಕೇಳುವಾಗ ನಮ್ಮ ಬಾಯಲ್ಲಿ ಉತ್ತರವಿದೆಯೋ?

ಮೊದಲು ಹೊಳೆಯ ವಿಷಯ. ಭೀಮೆಯು ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಹಳ್ಳವು ಗಾಣಗಾಪುರದ ಬಳಿಯಲ್ಲಿ ಅದರೊಳಗೆ ಕೂಡುತ್ತದೆ. 2020ರ ಅಕ್ಟೋಬರಿನಲ್ಲಿ ಈ ಹೊಳೆಯು ಉಕ್ಕಿ ಅಫಜಲಪುರ ಜೇವರ್ಗಿಗಳ ಅನೇಕ ಹಳ್ಳಿಗಳನ್ನು ಮುಳುಗಿಸಿದ್ದನ್ನು ಮಕ್ಕಳೂ ಬಲ್ಲರು. ಆದರೆ ಹೊಳೆಯ ಮರಳು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೆ ಕೊಡುತ್ತದೆಂಬದನ್ನು ಅವರಿಗೆ ಯಾರು ಹೇಳಿದ್ದಾರೆ? ರಾತ್ರಿವೇಳೆಯಲ್ಲಿ ಮರಳು ತುಂಬಿದ ಲಾರಿ ಊರು ದಾಟುವಾಗ ಬಾವಿಯ ನೀರೂ ಅದರ ಸಂಗಡ ಹೋಗುತ್ತದೆಂದು ತಿಳಿದ ಹುಡುಗನು ದೊಡ್ಡವನಾದ ಮೇಲೆ ಆ ಲಾರಿಗೆ ಸಲಿಕೆ ಹಿಡಿಯುವ ಮೊದಲು ಒಂದು ಕ್ಷಣ ನಿಲ್ಲುವನು. ನಾಬೋತನು ಅಹಾಬ ಅರಸನಿಗೆ ದ್ರಾಕ್ಷೇತೋಟವನ್ನು ಕೊಡಲೊಲ್ಲದೆ ಹೋದದ್ದು ಕ್ರಯ ಸಾಲದೆಂದಲ್ಲ. ಪಿತೃಗಳಿಂದ ಬಂದದ್ದನ್ನು ಮಾರುವ ಹಕ್ಕು ತನಗಿಲ್ಲವೆಂದೇ.

ಎರಡನೆಯದು ಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಬೆಂಕಿಯ ರಸವು ಆರಿ ಕಲ್ಲಾಗಿ, ಆ ಕಲ್ಲು ಕರಗಿ ನಮ್ಮ ಎರೆಭೂಮಿಯಾಯಿತೆಂದು ಪಂಡಿತರು ಹೇಳುತ್ತಾರೆ. ಮಳೆಗಾಲದ ಹಸಿಯನ್ನು ಇದು ಹಿಡಿದಿಟ್ಟುಕೊಳ್ಳುವದರಿಂದಲೇ ಹಿಂಗಾರಿ ಜೋಳವು ಮಳೆಯಿಲ್ಲದೆ ತೆನೆಗಟ್ಟುತ್ತದೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆಯಿತು. ಆದರೆ 2022ರ ಮುಂಗಾರಿಯಲ್ಲಿ ಬಿತ್ತಿದ ತೊಗರಿಯು ನೆಟೆರೋಗದಿಂದ ನಿಂತಲ್ಲಿಯೇ ಒಣಗಿ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದವು. ಈ ರೋಗದ ಬೂಜು ಮಣ್ಣಿನಲ್ಲಿ ವರುಷಗಟ್ಟಲೆ ಬದುಕಿ, ಅದೇ ಹೊಲದಲ್ಲಿ ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಹೆಚ್ಚುತ್ತದೆ. ತೊಗರಿಯ ಸಂಗಡ ಜೋಳವನ್ನು ಸಾಲುಸಾಲಾಗಿ ಬಿತ್ತಿದರೆ ರೋಗವು ಕಡಿಮೆಯಾಗುತ್ತದೆಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಪರೀಕ್ಷಿಸಿ ಕಂಡರು. ಪ್ರಿಯರೇ, ಜೋಳದೊಳಗೆ ತೊಗರಿಯ ಅಕ್ಕಡಿಯನ್ನು ನಮ್ಮ ಅಜ್ಜಿಯರು ಬಿತ್ತುತ್ತಿದ್ದರಲ್ಲವೇ? ಅವರಿಗೆ ಓದು ಬಾರದೆ ಇದ್ದರೂ ಹೊಲವನ್ನು ಓದಬಲ್ಲವರಾಗಿದ್ದರು.

ಇಲ್ಲಿಯೇ ಮೂರನೆಯ ಸಂಗತಿಯು ಬರುತ್ತದೆ. ಇದು ಎಲ್ಲಕ್ಕಿಂತ ಭಾರವಾದದ್ದು. ಶಾಲೆಗೆ ಹೋಗುವ ಮಕ್ಕಳಲ್ಲಿ ಕೆಲವರು ತಮ್ಮ ಅಜ್ಜಿಯ ಮಾತಿಗೆ, ಉಡುಪಿಗೆ, ಕಸುಬಿಗೆ ನಾಚಿಕೊಳ್ಳುತ್ತಾರೆ. ತಾಂಡಾದ ಹುಡುಗಿಯು ತನ್ನ ಗೋರ್ ಮಾತನ್ನು ಪೇಟೆಯಲ್ಲಿ ನುಂಗಿಕೊಳ್ಳುತ್ತಾಳೆ. ರೈಲುಗಾಡಿಯು 1871ರಲ್ಲಿ ರಾಯಚೂರನ್ನು ಮುಟ್ಟುವದಕ್ಕೆ ಮುಂಚೆ ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದಖ್ಖಣವನ್ನು ಉಣಿಸಿದವರು ಆಕೆಯ ಹಿರಿಯರೇ ಎಂದು ಯಾರೂ ಆಕೆಗೆ ಹೇಳಲಿಲ್ಲ. 2023ರ ಜುಲೈಯಲ್ಲಿ ಹಂಪಿಯಲ್ಲಿ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟದ್ದು ಲೋಕದ ದಾಖಲೆಯಾಯಿತು. ಆದರೆ ಅಂಥದೇ ಸೂಜಿಕೆಲಸವುಳ್ಳ ಅಜ್ಜಿಯ ಬಟ್ಟೆಯು ಮನೆಯ ಪೆಟ್ಟಿಗೆಯಲ್ಲಿ ನುಸಿ ತಿನ್ನುತ್ತಿರಬಹುದು. ಹಲಗೆ ಬಾರಿಸುತ್ತಿದ್ದ, ತೊಗಲು ಹದಮಾಡುತ್ತಿದ್ದ ಮನೆತನಗಳ ಮಕ್ಕಳಿಗೂ ಇದೇ ನಾಚಿಕೆ. ಅವರ ಮೇಲೆ ಹೊರಿಸಿದ ಹೀನಾಯವು ಪಾಪವೇ. ಅದನ್ನು ನಾವು ಕಾಪಾಡತಕ್ಕದ್ದಲ್ಲ. ಆದರೆ ಅವರ ಕೈಯಲ್ಲಿದ್ದ ವಿದ್ಯೆಯು ಪಾಪವಲ್ಲ. ಯಾವ ತಂಗಡಿ ತೊಗಟೆಯು ತೊಗಲನ್ನು ಹದಗೊಳಿಸುವದು, ಯಾವ ಬೇರು ದನದ ಹೊಟ್ಟೆನೋವಿಗೆ ಹಿತವಾದದ್ದು, ಎಂಬದು ಆ ಕೈಗಳಿಗೆ ತಿಳಿದಿತ್ತು. ಅಜ್ಜಿಗೆ ನಾಚುವ ಮಗುವು ಅಜ್ಜಿ ಬಲ್ಲ ಹಳ್ಳವನ್ನೂ ಗಿಡವನ್ನೂ ಬೀಜವನ್ನೂ ಕಾಯುವದಿಲ್ಲ. ಒಂದಕ್ಕೆ ನಾಚಿದರೆ ಇನ್ನೊಂದು ಹೋಗುತ್ತದೆ.

ಕೆಲವು ವಿಶ್ವಾಸಿಗಳು ಹೀಗೆ ಕೇಳುವರು: ಈ ಹಳೇದೆಲ್ಲಾ ವಿಗ್ರಹಾರಾಧನೆಯ ಸಂಗಡ ಬೆರೆತದ್ದಲ್ಲವೋ? ಎಳ್ಳಾಮವಾಸ್ಯೆಯಲ್ಲಿ ನೆರೆಯವರು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ನಮ್ಮ ಮಕ್ಕಳನ್ನು ಮನೆಯಲ್ಲಿಡುವದು ಒಳ್ಳೇದಲ್ಲವೋ? ಇದಕ್ಕೆ ನಮ್ಮ ಉತ್ತರವೇನಂದರೆ, ಮಣ್ಣನ್ನು ನಾವು ಪೂಜಿಸುವದಿಲ್ಲ. ಆದರೆ ಮಣ್ಣನ್ನು ಉಂಟುಮಾಡಿದಾತನನ್ನು ಪೂಜಿಸುವವನು ಆತನ ಕೈಕೆಲಸವನ್ನು ತುಳಿಯಕೂಡದು. ನಮ್ಮ ಕರ್ತನು ದೇವರ ರಾಜ್ಯವನ್ನು ಬೋಧಿಸುವಾಗ ಬಿತ್ತುವವನನ್ನೂ ಸಾಸಿವೆಕಾಳನ್ನೂ ಹೊಲದ ಹೂವನ್ನೂ ತೋರಿಸಿದನು. ಹೊಲವನ್ನೇ ಅರಿಯದ ಮಗುವಿಗೆ ಆ ಸಾಮ್ಯಗಳು ಹೇಗೆ ತಿಳಿದಾವು? ಆದಕಾರಣ ಮಕ್ಕಳನ್ನು ಹೊಲದಿಂದ ದೂರವಿಡಬೇಡಿರಿ. ರೊಟ್ಟಿ ಭಜ್ಜಿಗಳನ್ನು ಕಟ್ಟಿಕೊಂಡು ನೀವೂ ಹೋಗಿರಿ. ಬದುವಿನ ಮೇಲೆ ಕೂತು ಬೆಳೆಗಾಗಿ ದೇವರನ್ನು ಸ್ತುತಿಸಿ ನೆರೆಯವರ ಸಂಗಡ ಉಣ್ಣಿರಿ. ಸನ್ನತಿಯ ಚಪ್ಪಡಿಯಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಉಂಟು; ತನ್ನ ಮತವನ್ನು ಹೆಚ್ಚಿಸಬೇಕೆಂದು ಪರರ ಮತವನ್ನು ಹೀಯಾಳಿಸುವವನು ತನ್ನದನ್ನೇ ಕೆಡಿಸುತ್ತಾನೆಂಬದು ಆ ಶಾಸನದ ಬೋಧೆ. ನಮ್ಮ ಹೊಳೆಯ ದಂಡೆಯಲ್ಲಿ ಸುಮಾರು 2,250 ವರ್ಷಗಳಿಂದ ಬಿದ್ದಿರುವ ಈ ಮಾತನ್ನು ಕೇಳುವದರಿಂದ ನಮ್ಮ ವಿಶ್ವಾಸಕ್ಕೆ ನಷ್ಟವಿಲ್ಲ.

ಈಗ ಮಾಡತಕ್ಕ ಕೆಲಸವು ದೊಡ್ಡದಲ್ಲ. ತಿಂಗಳಿಗೊಂದು ಭಾನುವಾರ ಆರಾಧನೆಯಾದ ಮೇಲೆ ಸಭೆಯ ಹಿರಿಯರಲ್ಲಿ ಒಬ್ಬರು ಮಕ್ಕಳನ್ನು ಹಳ್ಳಕ್ಕೋ ಹೊಲಕ್ಕೋ ಕರಕೊಂಡು ಹೋಗಲಿ. ಅಲ್ಲಿ ಕಂಡ ಗಿಡ, ಹುಲ್ಲು, ಹಕ್ಕಿ, ಕಲ್ಲು ಇವುಗಳ ಹೆಸರನ್ನು ಹೇಳಲಿ. ತಾಂಡಾದ ತಾಯಿಯು ತನ್ನ ಮಾತಿನ ಹೆಸರನ್ನೂ ಹೇಳಲಿ. ಮಕ್ಕಳು ಅವನ್ನು ಒಂದು ನೋಟಬುಕ್ಕಿನಲ್ಲಿ ಬರೆಯಲಿ. ಕಿಟೆಲ್ ದೊರೆಗಳು ಜರ್ಮನಿಯಿಂದ ಬಂದು ಈ ದೇಶದ ಮಾತುಗಳನ್ನು ವರುಷಗಟ್ಟಲೆ ಕೂಡಿಸಿ 1894ರಲ್ಲಿ ತಮ್ಮ ನಿಘಂಟನ್ನು ಮಂಗಳೂರಲ್ಲಿ ಪ್ರಕಟಿಸಿದರು. ಪರದೇಶಸ್ಥನು ನಮ್ಮ ಮಾತುಗಳನ್ನು ಅಷ್ಟು ಬೆಲೆಯುಳ್ಳವೆಂದು ಎಣಿಸಿದ ಮೇಲೆ ನಮ್ಮ ಮಕ್ಕಳು ತಮ್ಮ ಊರಿನ ನೂರು ಹೆಸರುಗಳನ್ನಾದರೂ ಕೂಡಿಸಬಾರದೋ?

ನಮ್ಮ ಮಕ್ಕಳಲ್ಲಿ ಅನೇಕರು ನಾಳೆ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಕೆಲಸಕ್ಕೆ ಹೋಗುವರು. ಅವರು ಹೋಗಲಿ, ದೇವರು ಅವರನ್ನು ಕಾಯಲಿ. ಆದರೆ ಅಲ್ಲಿ ಯಾರಾದರೂ ನೀನು ಎಲ್ಲಿಯವನೆಂದು ಕೇಳಿದಾಗ ಅವರು ತಲೆ ತಗ್ಗಿಸದೆ ತಮ್ಮ ಹೊಳೆಯ ಹೆಸರನ್ನೂ ತಮ್ಮ ಜನರ ಹೆಸರನ್ನೂ ಹೇಳುವಂತಾಗಲಿ. ಆ ಉತ್ತರವನ್ನು ಅವರ ಬಾಯಲ್ಲಿ ಇಡತಕ್ಕವರು ನಾವು. ಅಜ್ಜಿಯರು ಇನ್ನೂ ನಮ್ಮ ಸಂಗಡ ಇರುವಾಗಲೇ ಇಡಬೇಕು. ಸಕಲವನ್ನು ಉಂಟುಮಾಡಿದ ದೇವರು ಇದಕ್ಕೆ ನಮಗೆ ಮನಸ್ಸನ್ನೂ ಬಲವನ್ನೂ ಅನುಗ್ರಹಿಸಲಿ. ಆಮೆನ್.