ಕ್ಷಮೆ ಕೇಳಬೇಕಾದವರು ಯಾರು?

ದಶಲಕ್ಷಣ ಪರ್ವ ಮುಗಿದ ಕ್ಷಮಾವಣಿಯ ದಿನ. ಬಸದಿಯ ಅಂಗಳದಲ್ಲಿ ಒಬ್ಬ ತಾಯಿ ತನ್ನ ಮಗನ ಶಿಕ್ಷಕರಿಗೆ ಕೈಮುಗಿದು, "ಗುರೂಜಿ, ಇವನಿಂದ ನಿಮಗ ಭಾಳ ತ್ರಾಸ ಆಗ್ಯದ, ಕ್ಷಮಾ ಮಾಡ್ರಿ" ಎಂದಳು. ಹುಡುಗನಿಗೆ ಒಂಬತ್ತು ವರ್ಷ. ಮಾತಿನಲ್ಲಿ ಚುರುಕು, ಪುಸ್ತಕ ತೆರೆದರೆ ಅಕ್ಷರಗಳು ಕೂಡಿ ಪದವಾಗುವುದಿಲ್ಲ. ಸಮೀಪದಲ್ಲಿದ್ದ ಹಿರಿಯರೊಬ್ಬರು, "ಪೂರ್ವಾರ್ಜಿತ ಕರ್ಮ, ಏನು ಮಾಡಲಾದೀತು" ಎಂದು ನಿಟ್ಟುಸಿರಿಟ್ಟರು. ಹುಡುಗ ಎಲ್ಲವನ್ನೂ ಕೇಳುತ್ತ ನಿಂತಿದ್ದ.

ಹಿರಿಯರ ಮಾತು ಸಿದ್ಧಾಂತಕ್ಕೆ ಹೊರತಲ್ಲ, ಆದರೆ ಅರ್ಧಕ್ಕೆ ನಿಂತಿತು. ಜ್ಞಾನಾವರಣವು ಜೀವದ ಜ್ಞಾನವನ್ನು ಮುಚ್ಚುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮೋಡ ಕವಿದರೂ ಸೂರ್ಯನಿದ್ದಾನೆ. ಆ ಆವರಣದ ಕ್ಷಯೋಪಶಮಕ್ಕೆ ಗುರು, ಗ್ರಂಥ, ಸ್ಥಳ, ಕಾಲಗಳೆಂಬ ಬಾಹ್ಯ ನಿಮಿತ್ತಗಳೂ ನೆರವಾಗುತ್ತವೆ. ಅಷ್ಟೇ ಅಲ್ಲ, ಪರರ ಜ್ಞಾನಾರ್ಜನೆಗೆ ಅಡ್ಡಿಯಾಗುವುದು ಅದೇ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಹಾಗಾದರೆ ಮಗುವಿನ ಕರ್ಮವನ್ನು ಎಣಿಸುತ್ತ ಕುಳಿತ ನಾವು, ನಮ್ಮ ಮೌನದಿಂದ ಯಾವ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದೇವೆ? ಈ ಪ್ರಶ್ನೆ ಶಿಕ್ಷಕರಿಗಿಂತ ಮೊದಲು ತಂದೆತಾಯಿಗಳಿಗೆ ತಗಲುತ್ತದೆ.

ಕೇಳಿದರೆ ಬೇಡಿದಂತಾಗುವುದೆಂಬ ಸಂಕೋಚ ನಮ್ಮ ಮನೆತನಗಳಲ್ಲಿ ಬಹಳ. ನಾವು ಕೊಟ್ಟು ಬಲ್ಲವರು, ಶಾಸ್ತ್ರದಾನಕ್ಕೆ ಹಿಂದೆಗೆದವರಲ್ಲ. ಆದರೆ ಇಲ್ಲಿ ಕೇಳಬೇಕಾದುದು ದಾನವಲ್ಲ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿ, ಕಲಿಕಾ ನ್ಯೂನತೆಯನ್ನೂ ಸೇರಿಸಿತು. ನ್ಯೂನತೆ ಶೇ. 40ಕ್ಕೆ ಕಡಿಮೆಯಿಲ್ಲವೆಂದು ದೃಢಪಟ್ಟ ಮಗುವಿಗೆ 6ರಿಂದ 18ರ ವಯಸ್ಸಿನವರೆಗೆ ಉಚಿತ ಶಿಕ್ಷಣ ಹಕ್ಕು. ಸಮೀಪದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಅದರದೇ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ, ಇಂಥ ಮಾರ್ಪಾಡುಗಳನ್ನು ಮಾಡುವ ಹೊಣೆಯನ್ನು ಅದು ಸರ್ಕಾರಕ್ಕೆ ವಹಿಸಿದೆ.

ಭಾಷೆಯ ವಿನಾಯಿತಿ ನಮ್ಮಂಥ ಗಡಿನಾಡಿಗರಿಗೆ ಸಣ್ಣ ಮಾತಲ್ಲ. ಅಕ್ಕಲಕೋಟೆ, ಜತ್ತದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೇಲೆ ಹಿಂದಿ, ಇಂಗ್ಲಿಷು. ಓದಲಾರದ ಮಗುವನ್ನು "ಮನೆಮಾತು ಬೇರೆ, ತಾನೇ ಸರಿಹೋಗುತ್ತದೆ" ಎಂದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಇಲ್ಲವೇ ಮರಾಠಿ ಬಾರದ ಮಗುವನ್ನೇ ಮಂದಮತಿ ಎನ್ನುತ್ತಾರೆ. ಎರಡೂ ಅನ್ಯಾಯವೇ. ಆದುದರಿಂದ ಪರೀಕ್ಷಿಸುವವರು ಮಗುವಿನೊಡನೆ ಕನ್ನಡದಲ್ಲಿಯೂ ಮಾತಾಡಲಿ ಎಂದು ಪಾಲಕರು ಪಟ್ಟುಹಿಡಿಯಬೇಕು. ಕನ್ನಡ ಓದಲು ಕಲಿಸದಿರುವಾಗ ಕನ್ನಡ ಪಾಠ ಓದಿಸಿ ನೋಡಿ ಫಲವಿಲ್ಲ. ಕಥೆ ಹೇಳಿಸಬಹುದು, ಪದವೊಂದರ ಧ್ವನಿಗಳನ್ನು ಬಿಡಿಸಿ ಹೇಳೆನ್ನಬಹುದು.

ಪಟ್ಟುಹಿಡಿಯುವುದು ಹಿಂಸೆಯಲ್ಲವೇ ಎಂದು ಕೇಳುವವರುಂಟು. ಕಟುನುಡಿ ಹಿಂಸೆ, ನಿಜ. ಸತ್ಯವನ್ನು ಕಾಗದದಲ್ಲಿ ಬರೆದು, ದಿನಾಂಕ ಹಾಕಿ, ಪ್ರತಿಯೊಂದನ್ನು ತಮ್ಮಲ್ಲಿರಿಸಿಕೊಂಡು, ಉತ್ತರ ಬರುವವರೆಗೆ ಮತ್ತೆ ಮತ್ತೆ ಹೋಗುವುದರಲ್ಲಿ ಯಾರಿಗೂ ನೋವಿಲ್ಲ. ತುಂಬಿದ ತರಗತಿಯ ಶಿಕ್ಷಕರಿಗೂ ಅವರದೊಂದು ಪಕ್ಷವಿದೆ, ಅದನ್ನೂ ಕೇಳಬೇಕು. ಮಗುವಿನ ಪಕ್ಷವನ್ನಂತೂ ಮರೆಯಲೇಬಾರದು. ತನಗೆ ಯಾವುದು ಕಷ್ಟವೆಂಬುದನ್ನು ಅದು ನಮಗಿಂತ ಚೆನ್ನಾಗಿ ಬಲ್ಲದು.

ಆ ತಾಯಿ ಅರ್ಜಿ ಬರೆದಳು. ಎರಡು ತಿಂಗಳು ತಿರುಗಿದ ಮೇಲೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ದೊರೆಯಿತು. ಭಾಷೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮರುವರ್ಷದ ಕ್ಷಮಾವಣಿಯಂದು ಅವಳು ಮೊದಲು ಕೈಮುಗಿದದ್ದು ಮಗನಿಗೆ. ಅವನು ನಾಚಿಕೊಂಡು ಮಾನಸ್ತಂಭದ ಹಿಂದೆ ಓಡಿದ.